ಫೀಸು ಜುಲೈಗೆ, ಫಸಲು ಜನವರಿಗೆ: ಹಾಸನದ ಮನೆಗಳ ಸಾಲದ ಲೆಕ್ಕ

ಕಷ್ಟಕಾಲ ಅಂದರೆ ಆದಾಯ ಕಡಿಮೆ ಆಗೋದು ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಹಾಸನ ಕಡೆಯ ಮನೆಗಳ ಲೆಕ್ಕ ಬಿಡಿಸಿ ನೋಡಿದರೆ, ವರ್ಷಕ್ಕೆ ಬರುವುದು ಹೋಗುವುದು ಎರಡನ್ನೂ ಕೂಡಿಸಿದಾಗ ಎಷ್ಟೋ ಸಂಸಾರಗಳು ಹೇಗೋ ಸರಿದೂಗುತ್ತವೆ. ಅವು ಎಡವುವುದು ತಾರೀಖಿನಲ್ಲಿ. ದುಡ್ಡು ಬೇಕಾದ ತಿಂಗಳು ಬೇರೆ, ಬರುವ ತಿಂಗಳು ಬೇರೆ. ಆ ನಡುವಿನ ಐದಾರು ತಿಂಗಳನ್ನು ದಾಟಿಸಲು ಯಾವ ಸಾಲ ಎತ್ತುತ್ತೀರಿ ಅನ್ನುವುದರ ಮೇಲೆ ಮಗಳು ಓದು ಮುಗಿಸುತ್ತಾಳಾ, ಒಡವೆ ಮನೆಗೆ ವಾಪಸ್ ಬರುತ್ತಾ ಎಲ್ಲ ನಿಂತಿದೆ.

ಸ್ವಲ್ಪ ತಿಂಗಳುಗಳನ್ನೇ ನೋಡೋಣ. ಆಲೂಗಡ್ಡೆ ಹಾಕಿದವರಿಗೆ ದುಡ್ಡು ಕಾಣೋದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಮುಸುಕಿನ ಜೋಳದ್ದು ಅಕ್ಟೋಬರ್ ದಾಟಿದ ಮೇಲೆ. ಶುಂಠಿ ಸಾಮಾನ್ಯವಾಗಿ ಡಿಸೆಂಬರ್ ಆಚೆ (ಬೆಲೆ ಇಲ್ಲ ಅಂತ ಮಣ್ಣಲ್ಲೇ ಬಿಟ್ಟು ಕಾಯುವವರೂ ಇದ್ದಾರೆ). ಸಕಲೇಶಪುರ, ಆಲೂರು, ಬೇಲೂರು ಕಡೆ ಅರೇಬಿಕಾ ಕಾಫಿ ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ತಪ್ಪದೆ ಕೈಗೆ ಬರುವುದು ಅಂದರೆ ಡೈರಿ ಬಟವಾಡೆ, ಮನೆಯಲ್ಲಿ ಯಾರಾದರೂ ಫ್ಯಾಕ್ಟರಿಗೆ ಹೋಗುತ್ತಿದ್ದರೆ ಅವರ ಸಂಬಳ, ಮತ್ತೆ ಗೃಹಲಕ್ಷ್ಮಿಯ 2,000. ಅದೂ ತಿಂಗಳು ತಿಂಗಳು ಸರಿಯಾಗಿ ಬರುತ್ತೆ ಅಂತ ನಂಬಿ ಕೂರುವ ಹಾಗಿಲ್ಲ.

ಖರ್ಚಿನ ಕಡೆ ನೋಡಿ. ಶಾಲೆ ಫೀಸು, ಬಿತ್ತನೆ ಬೀಜ, ಗೊಬ್ಬರ ಎಲ್ಲ ಮೇ-ಜೂನ್‌ನಲ್ಲಿ ಒಟ್ಟಿಗೇ ಬಂದು ಬೀಳುತ್ತವೆ. ಸಿಇಟಿ ಸೀಟು ಸಿಗುವುದು ಹೆಚ್ಚುಕಮ್ಮಿ ಜುಲೈ-ಆಗಸ್ಟ್‌ನಲ್ಲಿ. ಸೀಟು ಸಿಕ್ಕ ಮೇಲೆ ಫೀಸು ಕಟ್ಟಲು ಕೊಡುವುದು ಕೆಲವೇ ದಿನ. ಜನವರಿಯಲ್ಲಿ ಕಾಫಿ ಮಾರಿ ಕಟ್ಟುತ್ತೇನೆ ಸ್ವಾಮಿ ಅಂದರೆ ಯಾರು ಕೇಳುತ್ತಾರೆ?

ಈ ಅಂತರ ಹೊಸದೇನಲ್ಲ, ನಮ್ಮ ತಾತಂದಿರ ಕಾಲದಲ್ಲೂ ಇತ್ತು. ಆಗ ಫೀಸು ಇಷ್ಟು ಜಾಸ್ತಿ ಇರಲಿಲ್ಲ, ಅಷ್ಟೇ. ಈಗ ಆಗಿರುವುದೇನೆಂದರೆ, ಅಂತರ ಹಾಗೇ ಇದೆ, ಅದನ್ನು ತುಂಬುತ್ತಿದ್ದ ಹಣದ ಮೂಲಗಳು ಒಂದೊಂದಾಗಿ ಕೈಕೊಡುತ್ತಿವೆ.

ಜೋಳದ ಕಥೆಯನ್ನೇ ತಗೊಳ್ಳಿ. ಆಲೂಗಡ್ಡೆಗೆ ಅಂಗಮಾರಿ ರೋಗದ ಕಾಟ, ಪಂಜಾಬಿನ ಜಲಂಧರ್‌ನಿಂದ ತರಿಸುವ ಬಿತ್ತನೆ ಗಡ್ಡೆಯ ಖರ್ಚು, ಎರಡೂ ಸೇರಿ ಜಿಲ್ಲೆಯ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಹೋದರು. 2025ರಲ್ಲಿ ಆ ಜೋಳಕ್ಕೂ ಬಿಳಿಸುಳಿ ರೋಗ ಬಂತು. ಉಳಿದ ಬೆಳೆ ಮಾರಲು ಹೋದರೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ ಕೇಳಿದ್ದು 1,600ರಿಂದ 1,800ರ ಆಸುಪಾಸು. ಬೆಂಬಲ ಬೆಲೆ ಘೋಷಣೆ ಆಯಿತು ಅಂದ ಮಾತ್ರಕ್ಕೆ ಆ ಬೆಲೆಗೆ ಕೊಳ್ಳುವವರು ಇದ್ದಾರೆ ಅಂತಲ್ಲ. ಸರ್ಕಾರ ಖರೀದಿ ಕೇಂದ್ರ ತೆರೆದರೆ ಮಾತ್ರ ಅದಕ್ಕೆ ಅರ್ಥ. ಕೇಂದ್ರ ತೆರೆಯುವವರೆಗೆ ಕಾಯಲು ಸಾಲಗಾರನಿಗೆ ಆಗಲ್ಲ, ಸಿಕ್ಕಿದ ಬೆಲೆಗೆ ಕೊಟ್ಟು ಬರುತ್ತಾನೆ. ಇಲ್ಲೂ ಪ್ರಶ್ನೆ ತಾರೀಖಿನದ್ದೇ.

ಶುಂಠಿ ಇನ್ನೂ ಜೋರು. 2023ರಲ್ಲಿ ಬಂದ ಬೆಲೆ ನೋಡಿ ಊರೂರೇ ಜಮೀನು ಲೀಸಿಗೆ ಹಿಡಿದು ಶುಂಠಿ ಹಾಕಿತು. ಲೀಸ್ ದುಡ್ಡು ಮೊದಲೇ ಕೊಡಬೇಕು, ಬೀಜ ದುಬಾರಿ ಇದ್ದಾಗಲೇ ಕೊಳ್ಳಬೇಕು. ಕೀಳುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು.

ಇನ್ನು ಸಂಬಳದ ಕಡೆ. ಹಾಸನದ ಜವಳಿ ವಿಶೇಷ ಆರ್ಥಿಕ ವಲಯದಲ್ಲಿ ತಯಾರಾಗುವ ಬೆಡ್‌ಶೀಟು, ಟವೆಲ್ಲುಗಳಿಗೆ ಅಮೆರಿಕ ದೊಡ್ಡ ಗಿರಾಕಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಮಾಲಿನ ಮೇಲಿನ ಸುಂಕವನ್ನು ಮೊದಲು ಶೇ. 25ಕ್ಕೆ, ಅದೇ ತಿಂಗಳ 27ರಿಂದ ಶೇ. 50ಕ್ಕೆ ಏರಿಸಿತು. ಇಂಥ ಸುದ್ದಿ ಬಂದಾಗ ಫ್ಯಾಕ್ಟರಿ ಮುಚ್ಚದಿದ್ದರೂ ಕೆಲಸದವರಿಗೆ ಮೊದಲು ತಟ್ಟುವುದು ಓವರ್‌ಟೈಮ್. ಸಂಘದ (ಮೈಕ್ರೋಫೈನಾನ್ಸ್ ಗುಂಪು ಸಾಲದ) ಕಂತಿಗೆ ಆಗುತ್ತಿದ್ದುದು ಎಷ್ಟೋ ಮನೆಗಳಲ್ಲಿ ಆ ಓವರ್‌ಟೈಮ್ ದುಡ್ಡೇ. ಬೆಂಗಳೂರಿನ ಕಡೆ ನೋಡಿದರೆ ಐಟಿ ಕಂಪನಿ ಟಿಸಿಎಸ್ 2025ರ ಜುಲೈನಲ್ಲಿ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ದೊಡ್ಡ ಐಟಿ ಕಂಪನಿಗಳಲ್ಲಿ ಹೊಸಬರಿಗೆ ಕೊಡುವ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಸಂಬಳ ಹತ್ತು ಹದಿನೈದು ವರ್ಷದಿಂದ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ. ಆಫರ್ ಲೆಟರ್ ಕೈಲಿದ್ದೂ ಸೇರಿಸಿಕೊಳ್ಳುವ ದಿನಕ್ಕಾಗಿ ತಿಂಗಳುಗಟ್ಟಲೆ ಕಾದವರು ಬೇಕಾದಷ್ಟು ಜನ ಇದ್ದಾರೆ. ಆ ಕಾಯುವಿಕೆಗೂ ಬಡ್ಡಿ ಓಡುತ್ತಿರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಲಕ್ಷ, ಆರು ತಿಂಗಳು

ಜುಲೈನಲ್ಲಿ ಒಂದು ಲಕ್ಷ ಬೇಕು, ಜನವರಿಯಲ್ಲಿ ವಾಪಸ್ ಕಟ್ಟುತ್ತೇವೆ ಅಂತ ಇಟ್ಟುಕೊಳ್ಳಿ. ಕಿಸಾನ್ ಕಾರ್ಡಿನ ಬೆಳೆ ಸಾಲ ಸಿಕ್ಕಿದರೆ, ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಬಡ್ಡಿ ವರ್ಷಕ್ಕೆ ಶೇ. 4. ಅಂದರೆ ಆರು ತಿಂಗಳಿಗೆ 2,000. ಬ್ಯಾಂಕಿನಲ್ಲಿ ಒಡವೆ ಇಟ್ಟರೆ, ಶೇ. 9 ಅಂತ ಹಿಡಿದರೆ, 4,500. ಅದೇ ಒಡವೆಯನ್ನು ಶೇ. 20 ಹಾಕುವ ಖಾಸಗಿ ಫೈನಾನ್ಸಿನಲ್ಲಿ ಇಟ್ಟರೆ 10,000. ಊರಲ್ಲಿ ಕೈಸಾಲ ತಂದರೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕೇಳಲು ಬರೀ ಮೂರು ರೂಪಾಯಿ. ಅದು ತಿಂಗಳಿಗೆ, ವರ್ಷಕ್ಕೆ ಶೇ. 36. ಆರು ತಿಂಗಳಿಗೆ 18,000 ಆಯಿತು. ಒಂದೇ ಲಕ್ಷ, ಒಂದೇ ಆರು ತಿಂಗಳು, 2,000ಕ್ಕೂ 18,000ಕ್ಕೂ ಎಷ್ಟು ದೂರ ನೋಡಿ.

ಸಂಘದ ಸಾಲ ಈ ಪಟ್ಟಿಯಲ್ಲಿ ಯಾಕಿಲ್ಲ ಅಂದರೆ, ಅದರ ತೊಂದರೆ ಬಡ್ಡಿಗಿಂತ ದೊಡ್ಡದು. ಮೈಕ್ರೋಫೈನಾನ್ಸ್ ಸಾಲ ಕೈಗೆ ಬಂದ ಮುಂದಿನ ವಾರದಿಂದಲೋ ತಿಂಗಳಿನಿಂದಲೋ ಕಂತು ಶುರು. ನಿಮಗೆ ಜನವರಿವರೆಗೆ ಆದಾಯವೇ ಇಲ್ಲ ಅಂತ ತಾನೇ ಸಾಲ ತಂದಿದ್ದು? ಹಾಗಿದ್ದಾಗ ಆಗಸ್ಟ್‌ನ ಕಂತು ಎಲ್ಲಿಂದ ಕಟ್ಟುತ್ತೀರಿ? ತಂದ ಸಾಲದಲ್ಲೇ ಸ್ವಲ್ಪ ಎತ್ತಿಟ್ಟು ಕಟ್ಟಬೇಕು, ಇಲ್ಲ ಇನ್ನೊಂದು ಸಂಘಕ್ಕೆ ಸೇರಬೇಕು. ಒಂದು ಲಕ್ಷಕ್ಕೆ ಶೇ. 24ರಂತೆ ಎರಡು ವರ್ಷದ ಕಂತು ತಿಂಗಳಿಗೆ 5,300ರ ಹತ್ತಿರ ಬರುತ್ತದೆ. ದಿನಾ ವ್ಯಾಪಾರ ಇರುವವರಿಗೆ, ಹೂವು ಮಾರುವವರಿಗೆ, ಟೀ ಅಂಗಡಿಯವರಿಗೆ ಈ ಸಾಲ ಹೊಂದುತ್ತದೆ. ವರ್ಷಕ್ಕೊಮ್ಮೆ ದುಡ್ಡು ನೋಡುವ ಮನೆಗೆ ಹೊಂದಲ್ಲ.

ಹಾಗಾದರೆ ಕೊಡುವವರು ಯಾಕೆ ಕೊಡುತ್ತಾರೆ? ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ವರ್ಷದ 3 ಲಕ್ಷವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 25,000 ಅಂತ ಕಾಗದದಲ್ಲಿ ಬರುತ್ತದೆ, ಅದರಲ್ಲಿ ಅರ್ಧ 12,500. ಜುಲೈ ತಿಂಗಳಲ್ಲಿ ಆ ಮನೆಗೆ ಬರುವುದು ಹಾಲಿನ ಐದಾರು ಸಾವಿರವೇ ಇರಬಹುದು. ಸರಾಸರಿಯಲ್ಲಿ ಎಲ್ಲ ಸರಿ ಇದೆ, ಜುಲೈನಲ್ಲಿ ಮಾತ್ರ ಆಗಲ್ಲ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಸಾಲ ಪಡೆಯುವವರ ಅಗತ್ಯ ನೋಡಿ ಕಂತಿನ ಅವಧಿಯನ್ನು ಹೊಂದಿಸಿಕೊಡುವ ನೀತಿ ಪ್ರತಿ ಸಂಸ್ಥೆಗೂ ಇರಬೇಕು ಅಂತ. ವಾರಕ್ಕೊಮ್ಮೆ ಬೇಡ, ಫಸಲಿಗೊಮ್ಮೆ ಕಟ್ಟುತ್ತೇವೆ ಅಂತ ಕೇಳುವ ಹಕ್ಕು ಇದೆ ಅಂತ ಹಳ್ಳಿಯಲ್ಲಿ ಎಷ್ಟು ಹೆಂಗಸರಿಗೆ ಯಾರು ಹೇಳಿದ್ದಾರೆ?

ವಸೂಲಿಯ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಈ ಸಾಲಕ್ಕಾಗಿ ಫೋನ್ ಮಾಡುವಂತಿಲ್ಲ. ನೆಂಟರಿಷ್ಟರಿಗೆ, ಜೊತೆ ಕೆಲಸದವರಿಗೆ ಕಿರುಕುಳ ಕೊಡುವಂತಿಲ್ಲ. ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಆಮೇಲೆ ಅದೇ ಕಾಯ್ದೆ ಆಯಿತು. ಆದರೆ ಕಾಯ್ದೆ ತಡೆಯುವುದು ಹೊರಗಿನವರ ಒತ್ತಡ. ಗುಂಪಿನ ಸಾಲದಲ್ಲಿ ಒಬ್ಬಾಕೆ ಕಟ್ಟದಿದ್ದರೆ ಉಳಿದ ನಾಲ್ವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರೂ ಅಕ್ಕಪಕ್ಕದ ಮನೆಯವರೇ. ಯಾರ ಮೇಲೆ ದೂರು ಕೊಡೋದು?

ಸೊಸೈಟಿ ಸಾಲಕ್ಕೆ ಬರೋಣ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ ಅಂತ ರಾಜ್ಯ ಸರ್ಕಾರ 2023ರಲ್ಲಿ ಮಿತಿ ಏರಿಸಿತು (ಎಲ್ಲರಿಗೂ 5 ಲಕ್ಷ ಸಿಗುತ್ತೆ ಅಂತಲ್ಲ, ಜಮೀನು, ಬೆಳೆ ನೋಡಿ ಕೊಡುತ್ತಾರೆ). ಶೂನ್ಯ ಬಡ್ಡಿ ಸಿಗಬೇಕಾದರೆ ವಾಯಿದೆಯೊಳಗೆ ಪೂರ್ತಿ ಕಟ್ಟಬೇಕು. ಕೈಯಲ್ಲಿ ದುಡ್ಡಿಲ್ಲದವರು ಏನು ಮಾಡುತ್ತಾರೆ ಅಂದರೆ, ಹದಿನೈದು ದಿನಕ್ಕೆ ಕೈಸಾಲ ತಂದು ಸೊಸೈಟಿಗೆ ಕಟ್ಟಿ, ಹೊಸದಾಗಿ ಸಾಲ ಎತ್ತಿ, ಕೈಸಾಲ ತೀರಿಸುತ್ತಾರೆ. 3 ಲಕ್ಷಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಹದಿನೈದು ದಿನಕ್ಕೆ 4,500 ಹೋಯಿತು. ಸೊಸೈಟಿಯಿಂದ ದುಡ್ಡು ಬರುವುದು ಒಂದು ತಿಂಗಳು ತಡವಾದರೆ ಅದೇ 13,500. ಇಷ್ಟೆಲ್ಲ ಆದರೂ ಇದು ಅಗ್ಗದ ಸಾಲವೇ, ಬಿಡಬಾರದು. ವಾಯಿದೆ ತಾರೀಖನ್ನು ಫಸಲಿನ ತಿಂಗಳಿಗೆ ತಂದುಕೊಳ್ಳಬೇಕು. ಜನವರಿಯಲ್ಲಿ ದುಡ್ಡು ಬರುವವರು ಒಂದು ಸಲ ವಾಯಿದೆಗೆ ಮೊದಲೇ, ಜನವರಿಯಲ್ಲೇ ಕಟ್ಟಿ ಹೊಸ ಸಾಲ ಎತ್ತಿಕೊಂಡರೆ ಮುಂದಿನ ವರ್ಷದಿಂದ ಈ ಪರದಾಟ ತಪ್ಪುತ್ತದೆ.

ಒಡವೆ ಸಾಲದಲ್ಲಿ ಒಂದು ಅಪಾಯ ಇದೆ. 2025ರ ಏಪ್ರಿಲ್‌ನಲ್ಲಿ ಚಿನ್ನ 10 ಗ್ರಾಂಗೆ ಒಂದು ಲಕ್ಷ ಮುಟ್ಟಿತು, ಆಮೇಲೂ ಏರಿತು. ಅದೇ ಸರಕ್ಕೆ ಈಗ ಜಾಸ್ತಿ ಸಾಲ ಕೊಡುತ್ತಾರೆ, ಕೊಡುತ್ತಾರೆ ಅಂತ ಜಾಸ್ತಿ ತಗೊಳ್ಳುತ್ತೇವೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿಯಮ ತಂದು, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಪಾಲಿಸಬೇಕು ಅಂದಿತು. ಅದರಂತೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಹೆಚ್ಚೆಂದರೆ ಚಿನ್ನದ ಬೆಲೆಯ ಶೇ. 85, ಐದು ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ಕಟ್ಟಬೇಕಾದ ಬಡ್ಡಿಯನ್ನೂ ಸೇರಿಸಿಯೇ ಈ ಮಿತಿ ಲೆಕ್ಕ ಹಾಕಬೇಕು. ನವೀಕರಣ ಬೇಕಾದರೆ ಆವರೆಗಿನ ಬಡ್ಡಿ ಕಟ್ಟಲೇಬೇಕು. ಸುಮ್ನೆ ಕಾಗದ ಬದಲಿಸಿ ವರ್ಷಗಟ್ಟಲೆ ತಳ್ಳುತ್ತಿದ್ದವರಿಗೆ ಇದು ಬಿಸಿ ತಟ್ಟಿಸುತ್ತದೆ. ನಮಗೆ ಅನುಕೂಲವಾದ ನಿಯಮವೂ ಇದೆ. ಸಾಲ ತೀರಿಸಿದ ಏಳು ಕೆಲಸದ ದಿನದೊಳಗೆ ಒಡವೆ ಕೊಡದಿದ್ದರೆ, ತಪ್ಪು ಅವರದಾದರೆ, ದಿನಕ್ಕೆ 5,000 ಪರಿಹಾರ ಕೊಡಬೇಕು.

ನನ್ನನ್ನು ಕೇಳಿದರೆ, ಫೀಸಿನ ಅಂತರ ದಾಟಲು ಬ್ಯಾಂಕಿನ ಒಡವೆ ಸಾಲ ಒಳ್ಳೆಯದೇ. ಕಂತು ಇಲ್ಲ, ಜನವರಿಯಲ್ಲಿ ಒಂದೇ ಸಲ ತೀರಿಸಬಹುದು. ಆದರೆ ಆರು ತಿಂಗಳ ಅಂತರಕ್ಕೆ ಮಾತ್ರ. ನಾಲ್ಕು ವರ್ಷದ ಓದಿಗೆ ಒಡವೆ ಇಟ್ಟರೆ ಅದು ವಾಪಸ್ ಬರುವುದು ಕಷ್ಟ.

ಓದಿನ ಸಾಲದ ಅಸಲಿ ಲೆಕ್ಕ

ಓದಿನ ಸಾಲ ಅಂದರೆ ನಮ್ಮ ಕಡೆ ಇನ್ನೂ ಒಂಥರಾ ಹಿಂಜರಿಕೆ. ಮಗನ ಮೇಲೆ ಸಾಲ ಹೊರಿಸೋದಾ ಅಂತ ಅಪ್ಪ ಮೂರು ರೂಪಾಯಿ ಬಡ್ಡಿಗೆ ತಂದು ಕಟ್ಟುತ್ತಾನೆ. ಲೆಕ್ಕದಲ್ಲಿ ಇದಕ್ಕಿಂತ ತಪ್ಪು ಇನ್ನೊಂದಿಲ್ಲ. ಓದು ಮುಗಿದ ಮೇಲೂ ಒಂದು ವರ್ಷ ಕಂತು ಕೇಳದ ಸಾಲ ಇದೊಂದೇ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನ ಬೇಡ.

ಆದರೆ ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ 1.25 ಲಕ್ಷದಂತೆ ಒಟ್ಟು 5 ಲಕ್ಷ, ಬಡ್ಡಿ ಶೇ. 10 ಅಂತ ಹಿಡಿಯಿರಿ. ಮೊದಲ ವರ್ಷದ ಹಣದ ಮೇಲೆ ಐದು ವರ್ಷ, ಎರಡನೆಯದರ ಮೇಲೆ ನಾಲ್ಕು, ಹೀಗೆ ಸರಳ ಬಡ್ಡಿ ಕೂಡುತ್ತಾ ಹೋಗಿ ಕಂತು ಶುರುವಾಗುವ ದಿನ 1.75 ಲಕ್ಷ ಸೇರಿರುತ್ತದೆ. 6.75 ಲಕ್ಷಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 8,900. ಹೊಸಬನ ಕೈಗೆ ಬರುವ ಸಂಬಳ 25,000ದ ಒಳಗೆ, ಬೆಂಗಳೂರಲ್ಲಿ ಪಿಜಿ, ಊಟ, ಓಡಾಟ. ಉಳಿಯುವುದು ಏನು? ಅದೇ ಬಡ್ಡಿಯನ್ನು ಓದುವಾಗಲೇ ಕಟ್ಟುತ್ತಾ ಬಂದರೆ ಕಂತು 6,600ಕ್ಕೆ ಇಳಿಯುತ್ತದೆ. ಮೊದಲ ವರ್ಷ ತಿಂಗಳಿಗೆ ಸಾವಿರ ಚಿಲ್ಲರೆ, ಎರಡನೇ ವರ್ಷ ಎರಡು ಸಾವಿರ ಚಿಲ್ಲರೆ, ಕೊನೆಯ ವರ್ಷ ನಾಲ್ಕು ಸಾವಿರದ ಸ್ವಲ್ಪ ಮೇಲೆ. ಗೃಹಲಕ್ಷ್ಮಿ ಹಣದಲ್ಲಿ ಮೊದಲ ವರ್ಷದ್ದು ಆರಾಮಾಗಿ ಆಗುತ್ತದೆ. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ.

ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ಕೋರ್ಸು ತಾಂತ್ರಿಕ ಅಥವಾ ವೃತ್ತಿಪರ ಆಗಿದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಕಾಲೇಜಿಗೆ ಮಾನ್ಯತೆ ಇರಬೇಕು ಅನ್ನೋದು ಷರತ್ತು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ ಶೇ. 3 ಬಡ್ಡಿ ಸಹಾಯ. ಆದರೆ ಅದು ದೇಶದ ಮೇಲ್ದರ್ಜೆಯ ಸಂಸ್ಥೆಗಳಿಗೆ, ಶುರುವಿನಲ್ಲಿ 860ಕ್ಕೆ ಮಾತ್ರ. ನಮ್ಮ ಕಡೆಯ ಸಾಮಾನ್ಯ ಕಾಲೇಜು ಆ ಪಟ್ಟಿಯಲ್ಲಿ ಇರಬೇಕಲ್ಲ, ಮೊದಲು ಅದನ್ನು ನೋಡಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಫಲಿತಾಂಶ ಬಂದ ಮೇಲೆ ಮಾಡಿಸೋಣ ಅಂತ ಕೂರಬೇಡಿ. ಆ ವಾರ ಎಲ್ಲರೂ ಅಲ್ಲೇ ಇರುತ್ತಾರೆ. ಬ್ಯಾಂಕಿನಲ್ಲಿ ಬಾಯಿಮಾತಿನಲ್ಲಿ ಆಗಲ್ಲ ಅಂದರೆ, ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್ಲಿನಲ್ಲೇ ಹಾಕಿ, ಆಗಲ್ಲ ಅನ್ನೋದಾದರೆ ಬರೆದು ಕೊಡಿ ಅನ್ನಿ. ಅಷ್ಟಕ್ಕೇ ದನಿ ಬದಲಾಗುವುದು ಉಂಟು.

ಇನ್ನೊಂದು. ಈ ಸಾಲಕ್ಕೆ ಅಪ್ಪನೋ ಅಮ್ಮನೋ ಜೊತೆ ಸಾಲಗಾರರು. ಮಗನಿಗೆ ಕೆಲಸ ಸಿಗುವುದು ತಡವಾಗಿ ಕಂತು ತಪ್ಪಿದರೆ ಅಪ್ಪನ ಸಿಬಿಲ್ (ಸಾಲ ಕಟ್ಟಿದ ದಾಖಲೆಯ ಅಂಕ) ಕೂಡ ಕೆಡುತ್ತದೆ. ಅದು ಕೆಟ್ಟರೆ ಮುಂದಿನ ಬೆಳೆ ಸಾಲಕ್ಕೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಹಾಗಾಗಿ ಒಂದು ವರ್ಷದ ವಿನಾಯಿತಿ ಮುಗಿಯುವ ಮೂರು ತಿಂಗಳು ಮೊದಲೇ ಹೋಗಿ ಅವಧಿ ಹೆಚ್ಚಿಸಿ ಅಂತ ಕೇಳಬೇಕು. ಅದೇ 6.75 ಲಕ್ಷ ಹದಿನೈದು ವರ್ಷಕ್ಕಾದರೆ ಕಂತು 7,250ರ ಹತ್ತಿರ. ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ನಿಜ. ಆದರೆ ಕಂತು ತಪ್ಪುವುದಕ್ಕಿಂತ ವಾಸಿ.

ಇಷ್ಟು ಲೆಕ್ಕ ಹಾಕಿದ ಮೇಲೆ ಯಾವ ಕೋರ್ಸು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಸೀಟಿಗಾಗಿ ಜಮೀನು ಮಾರುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲ್ಲ, ಈ ಮಾರುಕಟ್ಟೆಯಲ್ಲಂತೂ ಇಲ್ಲವೇ ಇಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಎರಡು ವರ್ಷ, ಎಂಜಿನಿಯರಿಂಗ್ ನಾಲ್ಕು, ಒಟ್ಟು ಆರು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದರೆ ಇನ್ನು ಮೂರು, ಒಟ್ಟು ಅದೂ ಆರೇ. ವ್ಯತ್ಯಾಸ ಏನೆಂದರೆ ಡಿಪ್ಲೊಮಾ ದಾರಿಯಲ್ಲಿ ಮಧ್ಯದಲ್ಲೊಂದು ನಿಲ್ದಾಣ ಇದೆ. ಮನೆಯಲ್ಲಿ ದುಡ್ಡು ತೀರಾ ಕಷ್ಟ ಆದರೆ ಮೂರನೇ ವರ್ಷಕ್ಕೆ ಇಳಿದು ಕೆಲಸಕ್ಕೆ ಸೇರಬಹುದು, ಅಪ್ರೆಂಟಿಸ್ ಆಗಬಹುದು, ಎರಡು ವರ್ಷ ದುಡಿದು ಮತ್ತೆ ಹತ್ತಬಹುದು. ಪಿಯುಸಿಯಲ್ಲಿ ನಿಂತವರ ಕೈಯಲ್ಲಿ ಕೆಲಸದ ವಿದ್ಯೆ ಇರಲ್ಲ, ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಬಿಟ್ಟವರ ಕೈಯಲ್ಲಿ ಸಾಲ ಮಾತ್ರ ಇರುತ್ತದೆ. ಹಾಸನದಲ್ಲಿ ಎಲ್.ವಿ. ಪಾಲಿಟೆಕ್ನಿಕ್ ಇದೆ, ಸರ್ಕಾರಿ ಪಾಲಿಟೆಕ್ನಿಕ್‌ಗಳ ಫೀಸು ಖಾಸಗಿ ಕಾಲೇಜಿನ ಮುಂದೆ ಏನೇನೂ ಅಲ್ಲ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ. ಚನ್ನರಾಯಪಟ್ಟಣದಿಂದಲೋ ಅರಕಲಗೂಡಿನಿಂದಲೋ ದಿನಾ ಓಡಾಡಿದರೆ ಹಾಸ್ಟೆಲ್ ಖರ್ಚೇ ಉಳಿಯುತ್ತದೆ. ಶಕ್ತಿ ಯೋಜನೆಯನ್ನು ಬೈಯುವವರು ಬೆಳಗ್ಗೆ ಎಂಟು ಗಂಟೆಗೆ ಆ ಬಸ್ಸುಗಳಲ್ಲಿ ಯಾರು ನಿಂತಿರುತ್ತಾರೆ ಅಂತ ಒಮ್ಮೆ ನೋಡಲಿ.

ಕೆಲಸ ಹೋದವರಿಗೆ ಎರಡು ಮಾತು. ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟಿಸುತ್ತಿದ್ದ ಕಾರ್ಮಿಕರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಸರಾಸರಿ ಸಂಬಳದ ಅರ್ಧದಷ್ಟು, 90 ದಿನದವರೆಗೆ ಸಿಗುತ್ತದೆ. ಎರಡು ವರ್ಷ ವಿಮೆಯಲ್ಲಿ ಇದ್ದಿರಬೇಕು. ತಾವೇ ರಾಜೀನಾಮೆ ಕೊಟ್ಟವರಿಗೆ ಸಿಗಲ್ಲ, ಆದ್ದರಿಂದ ಎಚ್‌ಆರ್‌ನವರು ನೀವೇ ಬರೆದು ಕೊಟ್ಟುಬಿಡಿ ಅಂದಾಗ ಸಹಿ ಹಾಕುವ ಮುಂಚೆ ಯೋಚನೆ ಮಾಡಿ. ಯೋಜನೆಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಅರ್ಜಿ ಹಾಕುವಾಗ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ಪಿಎಫ್ ಹಣ ಕೊನೆಗೆ ಮುಟ್ಟುವುದು ಒಳ್ಳೆಯದು. ಆದರೆ ಮೂರು ರೂಪಾಯಿ ಬಡ್ಡಿಯ ಸಾಲ ಇದ್ದರೆ ಪಿಎಫ್ ತೆಗೆದು ಅದನ್ನು ತೀರಿಸುವುದೇ ಸರಿ. ಶೇ. 8 ಚಿಲ್ಲರೆ ಬಡ್ಡಿ ಬರುವ ಹಣವನ್ನು ಇಟ್ಟುಕೊಂಡು ಶೇ. 36 ಕಟ್ಟುವುದರಲ್ಲಿ ಅರ್ಥವಿಲ್ಲ.

ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 6.5ರಿಂದ 5.25ಕ್ಕೆ ಇಳಿಸಿತು. ಇದರ ಲಾಭ ಬ್ಯಾಂಕಿನ ರೆಪೊ ಆಧಾರಿತ ಸಾಲಗಳಿಗೆ, ಅಂದರೆ ಮನೆ ಸಾಲ, ಅನೇಕ ಓದಿನ ಸಾಲಗಳಿಗೆ ಬರುತ್ತದೆ. ಸಂಘಕ್ಕೂ ಕೈಸಾಲಕ್ಕೂ ಅದರ ಗಾಳಿಯೂ ತಾಗಲ್ಲ.

ಕೊನೆಗೆ ಕಾಫಿಯವರ ವಿಷಯ. ಬ್ರೆಜಿಲ್, ವಿಯೆಟ್ನಾಂನಲ್ಲಿ ಹವಾಮಾನ ಕೈಕೊಟ್ಟಿದ್ದರಿಂದ 2024-25ರಲ್ಲಿ ನಮ್ಮ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. 2000ನೇ ಇಸವಿಯ ಆಸುಪಾಸಿನಲ್ಲಿ ಬೆಲೆ ಕುಸಿದಾಗ ತೋಟ ಅಡ ಇಟ್ಟವರ ಮಕ್ಕಳೇ ಇವರು. ಆ ಬೆಲೆಯ ಹಣದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಹೊಸ ಜೀಪು ಎಷ್ಟು ಇಳಿದವು ಅಂತ ನೋಡಿದ್ದೇವೆ, ತಪ್ಪು ಅನ್ನಲ್ಲ. ಆದರೆ ಮನೆಯಲ್ಲಿ ಓದಿನ ಸಾಲ ಇದ್ದರೆ, ಮಾರ್ಚ್‌ನಲ್ಲಿ ಕಾಫಿ ಮಾರಿದ ದಿನವೇ ಒಂದು ವರ್ಷದ ಬಡ್ಡಿಯನ್ನು ಒಟ್ಟಿಗೆ ಆ ಖಾತೆಗೆ ಕಟ್ಟಬಹುದು. ತಿಂಗಳ ಕಂತೇ ಆಗಬೇಕು ಅಂತ ಬ್ಯಾಂಕುಗಳು ಸಾಮಾನ್ಯವಾಗಿ ಓದುವ ಕಾಲದಲ್ಲಿ ಹಟ ಹಿಡಿಯಲ್ಲ, ಮುಂಚೆ ಕಟ್ಟಿದ್ದಕ್ಕೆ ಈ ಸಾಲದಲ್ಲಿ ದಂಡವೂ ಇಲ್ಲ. ಕಟ್ಟುವಾಗ ಅದನ್ನು ಬಡ್ಡಿಗೆ ಜಮಾ ಮಾಡಿ ಅಂತ ಚಲನ್ನಿನ ಮೇಲೆ ಬರೆಸಿ, ರಸೀತಿ ಇಟ್ಟುಕೊಳ್ಳಿ.